ಚಾರ್ಜ್ ಲಿಸ್ಟಿನಲ್ಲಿ ಮಕ್ಕಳಿರಲಿಲ್ಲ

(ಹೊಸದಾಗಿ ಬಡ್ತಿ ಪಡೆದ ಪ್ರಾಥಮಿಕ ಶಾಲಾ ಮುಖ್ಯ ಶಿಕ್ಷಕರ ತರಬೇತಿಯಲ್ಲಿ ನಿವೃತ್ತ ಮುಖ್ಯ ಶಿಕ್ಷಕಿಯೊಬ್ಬರು ಆಡಿದ ಮಾತುಗಳ ಬರಹ ರೂಪ)

ನಾನು ಮುಖ್ಯ ಶಿಕ್ಷಕಿಯಾಗಿ ಚಾರ್ಜ್ ತೆಗೆದುಕೊಂಡ ದಿನ ಹಿಂದಿನವರು ನನ್ನ ಕೈಗೆ 17 ಬೀಗದ ಕೈ ಇಟ್ಟರು. ಅದರಲ್ಲಿ ಐದಕ್ಕೆ ಬೀಗವೇ ಇರಲಿಲ್ಲ. ಯಾವ ಕಾಲದ ಬೀಗಗಳೋ, ಹಾಳಾಗಿ ಹೋಗಿ ವರ್ಷಗಳಾಗಿದ್ದವು. ಆದರೂ ಲಿಸ್ಟಿನಲ್ಲಿ 17 ಅಂತ ಇತ್ತು, 17 ಎಣಿಸಿಯೇ ತೆಗೆದುಕೊಂಡೆ. ಡೆಸ್ಕ್ 42. ಕಬ್ಬಿಣದ ಬೀರು 3. ಗೋಡೆ ಗಡಿಯಾರ 2, ಅದರಲ್ಲಿ ಒಂದು ಕೆಟ್ಟದ್ದು. ಕ್ಯಾಶ್ ಬುಕ್, ಟಿ.ಸಿ. ಪುಸ್ತಕ, ದಾಖಲಾತಿ ರಿಜಿಸ್ಟರ್, ಸ್ಟಾಕ್ ರಿಜಿಸ್ಟರ್. ಬಿಸಿಯೂಟದ ಅಕ್ಕಿ ತೂಕ ಹಾಕಿಸಿದೆವು, ಒಂದೂವರೆ ಕಿಲೋ ಕಡಿಮೆ ಬಂತು. ಅದರ ಮೇಲೆ ಅರ್ಧ ಗಂಟೆ ಮಾತು. ಇಲಿ ತಿಂದಿರಬೇಕು ಅಂತ ಕೊನೆಗೆ ತೀರ್ಮಾನವಾಯಿತು.

ಸಹಿ ಹಾಕಿ ಮನೆಗೆ ಬಂದೆ. ಎಷ್ಟೋ ತಿಂಗಳ ಮೇಲೆ ನನಗೆ ಹೊಳೆಯಿತು, ಆ ಇಡೀ ಲಿಸ್ಟಿನಲ್ಲಿ ಮಕ್ಕಳೇ ಇರಲಿಲ್ಲ ಅಂತ. ಒಂದೂವರೆ ಕಿಲೋ ಅಕ್ಕಿ ಎಲ್ಲಿ ಹೋಯಿತು ಅಂತ ಕೇಳಿದವಳು ನಾನು. 5ನೇ ತರಗತಿಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ ದೀಪಾವಳಿಯಿಂದ ಈಚೆಗೆ ಬಾರದ ಇಬ್ಬರು ಹುಡುಗಿಯರು ಎಲ್ಲಿ ಹೋದರು ಅಂತ ಕೇಳಲಿಲ್ಲ. ಹಿಂದಿನವರೂ ಹೇಳಲಿಲ್ಲ. ಅವರೇನು ಕೆಟ್ಟವರಲ್ಲ, ಬಹಳ ನಿಷ್ಠೆಯ ಮನುಷ್ಯ. ಅವರಿಗೆ ಚಾರ್ಜ್ ಕೊಟ್ಟವರೂ ಹೇಳಿರಲಿಲ್ಲ, ಅಷ್ಟೇ.

ನೀವೆಲ್ಲ ಇನ್ನು ಕೆಲವೇ ದಿನಗಳಲ್ಲಿ ಹೊಸ ಶಾಲೆಗೆ ಹೋಗಿ ಇಂಥದ್ದೇ ಲಿಸ್ಟಿಗೆ ಸಹಿ ಹಾಕುತ್ತೀರಿ. ಅದಕ್ಕೇ ಇದರಿಂದ ಶುರು ಮಾಡಿದೆ. ಬೀಗ ಎಣಿಸಿ, ಅಕ್ಕಿ ತೂಗಿ, ಬೇಡ ಅನ್ನುವುದಿಲ್ಲ. ಆಡಿಟ್‌ನವರು ಬಂದಾಗ ನಾನು ನಿಮ್ಮ ಜೊತೆ ಇರುವುದಿಲ್ಲ! ಆದರೆ ಇನ್ನೊಂದು ಲಿಸ್ಟನ್ನೂ ಕೇಳಿ ಪಡೆಯಿರಿ. ಯಾವ ಮಗು ಬರುತ್ತಿಲ್ಲ, ಯಾವ ಮಗು ಬಂದೂ ಬಾಯಿ ಬಿಡುವುದಿಲ್ಲ, ಯಾವ ಮಗುವಿನ ಮನೆಗೆ ಇದುವರೆಗೆ ಯಾವ ಮೇಷ್ಟ್ರೂ ಹೋಗಿಲ್ಲ. ಹಿಂದಿನವರಿಗೆ ಗೊತ್ತಿದ್ದರೆ ಹೇಳುತ್ತಾರೆ. ಗೊತ್ತಿಲ್ಲದಿದ್ದರೆ ಅದೂ ನಿಮಗೆ ಒಂದು ಮಾಹಿತಿಯೇ.

ನನಗೂ ಆಗ ತರಬೇತಿ ಆಗಿತ್ತು, ಐದು ದಿನ. ಕ್ಯಾಶ್ ಬುಕ್ ಬರೆಯುವುದು ಹೇಗೆ, ಬಿಲ್ ಮಾಡುವುದು ಹೇಗೆ, ಮಾಹಿತಿ ಹಕ್ಕಿನ ಅರ್ಜಿಗೆ ಎಷ್ಟು ದಿನದಲ್ಲಿ ಉತ್ತರ ಕೊಡಬೇಕು, ಸೇವಾ ಪುಸ್ತಕದಲ್ಲಿ ಏನು ಬರೆಯಬೇಕು. ಕೊನೆಯ ದಿನ ಊಟಕ್ಕೆ ಮುಂಚೆ ಒಂದು ಗಂಟೆ 'ಸಮಾನತೆ ಮತ್ತು ಶಾಲೆ'. ಆ ಹೊತ್ತಿಗೆ ಅರ್ಧ ಜನ ಬಸ್ಸಿನ ಟೈಮ್ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ದೆಹಲಿಯಲ್ಲಿ ಶಿಕ್ಷಣ ಯೋಜನೆ, ಆಡಳಿತದ ರಾಷ್ಟ್ರೀಯ ಸಂಸ್ಥೆ ನೀಪಾ ಇದೆಯಲ್ಲ, ಅಲ್ಲಿ ಶಾಲಾ ನಾಯಕತ್ವಕ್ಕೇ ಅಂತ 2012ರಲ್ಲಿ ರಾಷ್ಟ್ರೀಯ ಕೇಂದ್ರವೊಂದು ಶುರುವಾಯಿತು. 2020ರ ಶಿಕ್ಷಣ ನೀತಿ, ಮುಖ್ಯ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಗಳ ಕಲಿಕೆ ಇರಬೇಕು ಅನ್ನುತ್ತದೆ. 50 ಗಂಟೆ ಕಡಿಮೆಯೇನಲ್ಲ. ಅದರಲ್ಲಿ ಎಷ್ಟು ಗಂಟೆ ಈ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಎಷ್ಟು ಗಂಟೆ ಊರೊಳಗೆ? ತರಬೇತಿ ಕೊಡುವವರಿಗೆ ನಾನು ಕೇಳುವುದು ಇದೊಂದನ್ನೇ. ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆಯವರು, ಡಯಟ್‌ನವರು, ಹಿಂದೆ ಕೂತಿದ್ದಾರೆ, ಅವರಿಗೂ ಕೇಳಿಸಲಿ.

ಈಗ ಪದದ ವಿಷಯ. ಸಮಾನತೆ ಅಂದರೆ ಎಲ್ಲರಿಗೂ ಒಂದೇ ಅಂತ ನಾನು ಬಹಳ ವರ್ಷ ನಂಬಿದ್ದೆ. 'ನನಗೆ ಎಲ್ಲ ಮಕ್ಕಳೂ ಒಂದೇ' ಅಂತ ಹೇಳಿಕೊಳ್ಳುವುದು ನನಗೆ ಹೆಮ್ಮೆ. ನಿಮ್ಮಲ್ಲೂ ಎಷ್ಟೋ ಜನ ಹೇಳುತ್ತೀರಿ, ಅಲ್ವಾ? ಆದರೆ ನಿಮ್ಮ ಅಡುಗೆ ಕೋಣೆಯ ಗೋಡೆ ನೋಡಿ. ಬಿಸಿಯೂಟದ ಲೆಕ್ಕ ಅಲ್ಲೇ ಬರೆದಿರುತ್ತದೆ. 1ರಿಂದ 5ನೇ ತರಗತಿಯ ಮಗುವಿಗೆ 100 ಗ್ರಾಂ ಧಾನ್ಯ, 6ರಿಂದ 8ರ ಮಗುವಿಗೆ 150 ಗ್ರಾಂ. ಇದು ಪಕ್ಷಪಾತ ಅಂತ ಯಾರಾದರೂ ಅರ್ಜಿ ಹಾಕಿದ್ದು ಕೇಳಿದ್ದೀರಾ? ದೊಡ್ಡ ಮಗುವಿಗೆ ಹಸಿವು ಜಾಸ್ತಿ, ಜಾಸ್ತಿ ಬಡಿಸುತ್ತೇವೆ. ಮನೆಯಲ್ಲೂ ಹಾಗೇ ಅಲ್ವಾ, ಬಾಣಂತಿಗೆ ಒಂದು ಊಟ, ಹೊಲಕ್ಕೆ ಹೋಗುವವನಿಗೆ ಇನ್ನೊಂದು ಬುತ್ತಿ. ಹೊಟ್ಟೆಯ ವಿಷಯದಲ್ಲಿ ನಮಗೆ ಇದು ಯಾರೂ ಕಲಿಸದೆ ಗೊತ್ತು. ಕ್ಲಾಸಿನೊಳಗೆ ಕಾಲಿಟ್ಟ ಕೂಡಲೇ ಮರೆತು ಹೋಗುತ್ತದೆ.

ನನ್ನ ಗೇಟಿನ ಕಥೆ ಹೇಳುತ್ತೇನೆ. ನಾನು ಹೋದ ಹೊಸತರಲ್ಲಿ ಶಿಸ್ತು ತರಬೇಕು ಅಂತ ಹುರುಪು. ಪ್ರಾರ್ಥನೆ ಶುರುವಾದ ಮೇಲೆ ಬಂದವರು ಗೇಟಿನ ಹೊರಗೆ ನಿಲ್ಲಬೇಕು, ಪ್ರಾರ್ಥನೆ ಮುಗಿದ ಮೇಲೆ ಒಳಗೆ ಬಂದು ಮೈದಾನದ ಕಸ ಆರಿಸಬೇಕು. ಎಲ್ಲರಿಗೂ ಒಂದೇ ರೂಲು. ಊರಿನ ಹಿರಿಯರು ಬಂದು ಹೊಗಳಿ ಹೋದರು. 'ಅಕ್ಕೋರು ಬಂದ ಮ್ಯಾಲೆ ಸಾಲಿ ಹದಕ್ಕ ಬಂತು ನೋಡ್ರಿ' ಅಂದರು. ಹಿಗ್ಗಿದೆ.

ಒಂದು ದಿನ ಸುಮ್ನೆ ಅಂತ ಒಂದು ಹಳೆಯ ನೋಟ್‌ಬುಕ್ ಇಟ್ಟುಕೊಂಡು ಗೇಟಿನ ಹತ್ತಿರ ನಿಂತೆ. ತಡವಾಗಿ ಬಂದವರ ಹೆಸರು ಬರೆದು ಮುಂದೆ ಒಂದೊಂದು ಗೆರೆ ಎಳೆಯುತ್ತಾ ಹೋದೆ. ಎರಡು ವಾರ ಬರೆದೆ. ಎರಡು ವಾರದ ಕೊನೆಗೆ ನೋಡಿದರೆ ಹೆಚ್ಚುಕಡಿಮೆ ಎಲ್ಲ ಗೆರೆಗಳೂ ಏಳೇ ಹೆಸರಿನ ಮುಂದೆ. ಏಳರಲ್ಲಿ ಆರು ಹುಡುಗಿಯರು. ಏಳೂ ಮಕ್ಕಳು ಒಂದೇ ಕೇರಿಯವರು.

ಆ ಕೇರಿಗೆ ಹೋದೆ. ಅಷ್ಟು ದಿನದಲ್ಲಿ ಮೊದಲ ಸಲ ಹೋಗಿದ್ದು, ಅದನ್ನೂ ಹೇಳಿಬಿಡುತ್ತೇನೆ. ಒಬ್ಬ ತಾಯಿ ಅಂದಳು, 'ಅಕ್ಕೋರೇ, ನಮ್ಮ ಓಣಿಗೆ ನೀರ ಬಿಡೂದು ಎಂಟೂವರಿಗೆ ರೀ. ನಳ ಒಂದೇ ಐತಿ. ನಾ ಏಳಕ್ಕ ಕೂಲಿಗೆ ಹೋಗಿರ್ತೀನಿ. ಅಕೀನ ತುಂಬಬೇಕು.' ಊರಿನ ಉಳಿದ ಓಣಿಗಳಿಗೆ ನೀರು ಆರೂವರೆಗೆ ಬರುತ್ತಿತ್ತು. ಆ ಹುಡುಗಿ ಆರು ಕೊಡ ನೀರು ತುಂಬಿ, ತಮ್ಮನನ್ನು ಅಂಗನವಾಡಿಗೆ ಬಿಟ್ಟು, ಓಡಿ ಬಂದು, ಗೇಟಿನ ಹೊರಗೆ ನಿಂತು, ಆಮೇಲೆ ಕಸ ಆರಿಸುತ್ತಿದ್ದಳು. ಅಷ್ಟರಲ್ಲಿ ಮೊದಲನೇ ಪೀರಿಯಡ್ ಅರ್ಧ ಮುಗಿದಿರುತ್ತಿತ್ತು. ಮೊದಲನೇ ಪೀರಿಯಡ್ ಗಣಿತ. 'ಅವಳಿಗೆ ಗಣಿತ ಹತ್ತೋದಿಲ್ಲ' ಅಂತ ಅವಳ ಕ್ಲಾಸ್ ಟೀಚರ್ ನನಗೆ ಎರಡು ಸಲ ಹೇಳಿದ್ದರು.

ರೂಲು ಎಲ್ಲರಿಗೂ ಒಂದೇ ಇತ್ತು. ಏಟು ಮಾತ್ರ ಏಳು ಮಕ್ಕಳಿಗೆ ಬೀಳುತ್ತಿತ್ತು.

ಆಮೇಲೆ ಏನು ಮಾಡಿದೆವು ಅಂದರೆ, ಗೇಟಿನ ಶಿಕ್ಷೆ ನಿಲ್ಲಿಸಿದೆವು. ಗಣಿತವನ್ನು ಮೂರನೇ ಪೀರಿಯಡ್‌ಗೆ ಹಾಕಿದೆವು. ನೀರಿನ ಸಮಯ ಬದಲಿಸಿ ಅಂತ ಪಂಚಾಯಿತಿಗೆ ಪತ್ರ ಬರೆದೆ, ಪಂಚಾಯಿತಿ ಅಧಿಕಾರಿ ಪಿ.ಡಿ.ಓ. ಹತ್ತಿರ ನಾಲ್ಕು ಸಲ ಹೋದೆ. ನೀರಿನ ಸಮಯ ಬದಲಾಗಲು ಒಂದು ವರ್ಷ ಹಿಡಿಯಿತು. ಪೀರಿಯಡ್ ಬದಲಾಗಲು ಹತ್ತು ನಿಮಿಷ ಸಾಕಾಯಿತು. ನಿಮ್ಮ ಕೈಯಲ್ಲಿರುವುದನ್ನು ಮೊದಲು ಮಾಡಿ ಅಂತ ಹೇಳುವುದಕ್ಕೆ ಇದನ್ನು ಹೇಳಿದೆ.

ಇನ್ನು ಕಸಬರಿಗೆ. ಹೊಸ ಶಾಲೆಗೆ ಹೋದ ಮೇಲೆ ಒಂದು ವಾರ ಯಾರಿಗೂ ಏನೂ ಹೇಳದೆ ಒಂದು ವಿಷಯ ನೋಡಿ. ಕ್ಲಾಸು ಗುಡಿಸುವ ಮಕ್ಕಳು ಯಾರು? ಶೌಚಾಲಯಕ್ಕೆ ನೀರು ಹಾಕು ಅಂತ ಯಾರಿಗೆ ಹೇಳುತ್ತಾರೆ? ಸ್ಟಾಫ್ ರೂಮಿಗೆ ಚಹಾ ತರಲು, ಕುಡಿಯುವ ನೀರಿನ ತಂಬಿಗೆ ತರಲು ಯಾರನ್ನು ಕರೆಯುತ್ತಾರೆ? ಗುಡಿಸುವ, ಶೌಚಾಲಯಕ್ಕೆ ನೀರು ಹಾಕುವ ಮಕ್ಕಳದ್ದು ಒಂದು ಪಟ್ಟಿ, ಚಹಾ, ಕುಡಿಯುವ ನೀರು ತರುವ ಮಕ್ಕಳದ್ದು ಇನ್ನೊಂದು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ನನ್ನ ಶಾಲೆಯಲ್ಲಿ ಎರಡರಲ್ಲೂ ಇದ್ದ ಹೆಸರು ಒಂದೂ ಇರಲಿಲ್ಲ. ಟೀಚರುಗಳನ್ನು ಕೇಳಿದರೆ ನಿಜವಾಗಿಯೂ ಆಶ್ಚರ್ಯಪಟ್ಟರು. 'ಮೇಡಂ, ಹತ್ತಿರ ಇದ್ದವರಿಗೆ ಹೇಳ್ತೀವಿ ಅಷ್ಟೇ' ಅಂದರು. ಅವರು ಸುಳ್ಳು ಹೇಳಲಿಲ್ಲ. ಅವರ ಕೈ ಅವರಿಗೆ ಗೊತ್ತಿಲ್ಲದೆ ಒಂದೇ ಕಡೆ ತೋರಿಸುತ್ತಿತ್ತು.

ಅಂಬೇಡ್ಕರ್ ತಮ್ಮ ಶಾಲೆಯ ದಿನಗಳನ್ನು ಸ್ವತಃ ಬರೆದಿಟ್ಟಿದ್ದಾರೆ. ಮನೆಯಿಂದ ಒಂದು ಗೋಣಿಚೀಲ ತಂದು ಅದರ ಮೇಲೆ ಬೇರೆ ಕೂರುತ್ತಿದ್ದರು. ಕ್ಲಾಸು ಗುಡಿಸುವ ಆಳು ಅದನ್ನು ಮುಟ್ಟುತ್ತಿರಲಿಲ್ಲ, ಹಾಗಾಗಿ ದಿನಾ ಸಂಜೆ ಮನೆಗೆ ಹೊತ್ತುಕೊಂಡು ಹೋಗಿ ಬೆಳಿಗ್ಗೆ ತರಬೇಕು. ನೀರಡಿಕೆಯಾದರೆ ಪ್ಯೂನ್ ಬಂದು ನಲ್ಲಿ ತಿರುಗಿಸಬೇಕು. ಪ್ಯೂನ್ ಇಲ್ಲದಿದ್ದರೆ ನೀರಿಲ್ಲ. ನಾನು ಪ್ರತಿ ಸಲ ಆ ಶಾಲೆಯ ಹೆಡ್‌ಮಾಸ್ಟರ ಬಗ್ಗೆ ಯೋಚಿಸುತ್ತೇನೆ. ಅವರಿಗೂ ಒಂದು ಚಾರ್ಜ್ ಲಿಸ್ಟ್ ಇದ್ದಿರಬೇಕು, ಅಲ್ವಾ? ಅದರಲ್ಲಿ ಆ ಗೋಣಿಚೀಲ ಇದ್ದಿರಲಾರದು. ಇದೆಲ್ಲ ನೂರು ವರ್ಷದ ಹಿಂದಿನ ಮಾತು ಅನ್ನಬೇಡಿ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಸುದ್ದಿ ನೀವೆಲ್ಲ ಟಿ.ವಿ.ಯಲ್ಲಿ ನೋಡಿದ್ದೀರಿ.

ಗುಡಿಸುವ ಕೆಲಸವೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಸರದಿ ಹಾಕಿ, ಗೋಡೆಗೆ ಅಂಟಿಸಿ, ಮೇಷ್ಟ್ರೂ ಒಂದು ದಿನ ಕಸಬರಿಗೆ ಹಿಡಿಯಲಿ. ಶೌಚಾಲಯ ಮಾತ್ರ ಮಕ್ಕಳ ಕೆಲಸವೇ ಅಲ್ಲ. ಶಾಲೆಗೆ ಬರುವ ಅನುದಾನದಲ್ಲಿ, ಪಂಚಾಯಿತಿ ಜೊತೆ ಮಾತಾಡಿ ಅದಕ್ಕೆ ದಾರಿ ಮಾಡಿ. ಕಷ್ಟ ಇದೆ, ಗೊತ್ತು.

ಅಡುಗೆ ಕೋಣೆಗೆ ಬರೋಣ. ಹೊಸ ಮುಖ್ಯ ಶಿಕ್ಷಕರು ಜಾಸ್ತಿ ಹೆದರುವುದು ಇಲ್ಲೇ. ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದ್ಯತೆ ಕೊಡಿ ಅಂತ ಸುಪ್ರೀಂ ಕೋರ್ಟ್ 2004ರ ಏಪ್ರಿಲ್‌ನಲ್ಲೇ ಹೇಳಿದೆ. ಈಶಾನ್ಯ ಕರ್ನಾಟಕದ ನಮ್ಮ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ, ಅಂದರೆ ಈ ಬಿಸಿಯೂಟ, ಶುರುವಾಗಿದ್ದು 2002ರಲ್ಲಿ. ಇಷ್ಟು ವರ್ಷ ಕಳೆದಿದೆ. ಆದರೂ 2025ರ ಜೂನ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಒಂದು ಊರಿನಲ್ಲಿ ದಲಿತ ಮಹಿಳೆ ಅಡುಗೆಗೆ ಬಂದರು ಅಂತ ಪೋಷಕರು ಮಕ್ಕಳ ಟಿ.ಸಿ. ತೆಗೆಸಿಕೊಂಡು ಹೋದರು, ಶಾಲೆ ಹೆಚ್ಚುಕಡಿಮೆ ಖಾಲಿಯಾಯಿತು ಅಂತ ಪತ್ರಿಕೆಗಳಲ್ಲಿ ಬಂತು. ನಾಳೆ ನಿಮ್ಮ ಶಾಲೆಯಲ್ಲಿ ಹೀಗಾದರೆ ಏನು ಮಾಡುತ್ತೀರಿ? ಯಾವ ಸುತ್ತೋಲೆಯೂ ಆ ಬೆಳಿಗ್ಗೆ ನಿಮ್ಮ ಪರವಾಗಿ ಮಾತಾಡುವುದಿಲ್ಲ.

ನಾನು ಮಾಡಿದ್ದು ಹೇಳುತ್ತೇನೆ. ಊಟಕ್ಕೆ ಮುಂಚೆ ರುಚಿ ನೋಡಿ ರಿಜಿಸ್ಟರಿನಲ್ಲಿ ಸಹಿ ಹಾಕುವ ನಿಯಮ ಇದೆಯಲ್ಲ, ಅದನ್ನು ನಮ್ಮಲ್ಲಿ ಆಫೀಸಿಗೆ ಒಂದು ಬಟ್ಟಲು ತರಿಸಿಕೊಂಡು ಮಾಡುತ್ತಿದ್ದರು. ನಾನು ತಟ್ಟೆ ಹಿಡಿದು ಮಕ್ಕಳ ಸಾಲಿನಲ್ಲೇ ನಿಂತೆ. ಅಡುಗೆಯಾಕೆ ನನಗೆ ಬಡಿಸಿದಳು, ನೆಲದ ಮೇಲೆ ಮಕ್ಕಳ ನಡುವೆ ಕೂತು ತಿಂದೆ. ಭಾಷಣ ಮಾಡಲಿಲ್ಲ. ಒಂದು ತಿಂಗಳು ಪ್ರತಿ ದಿನ ಹೀಗೆ. ಮನೆಯಿಂದ ಡಬ್ಬಿ ತರುತ್ತಿದ್ದ ಮಕ್ಕಳು ಒಂಬತ್ತು ಜನ ಇದ್ದರು. ತಿಂಗಳ ಕೊನೆಗೆ ನಾಲ್ಕಾದರು. ಆ ನಾಲ್ಕು ಡಬ್ಬಿ ವರ್ಷದ ಕೊನೆವರೆಗೂ ಉಳಿದವು. ಪೂರ್ತಿ ಗೆದ್ದೆ ಅಂತ ನಾನು ಹೇಳುವುದಿಲ್ಲ.

ಮೊಟ್ಟೆಯದ್ದೂ ಒಂದು ಮಾತು ಇದೆ. ನಮ್ಮ ಕಡೆಯ ಜಿಲ್ಲೆಗಳಲ್ಲಿ 2021ರ ಡಿಸೆಂಬರ್‌ನಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಸೇರಿತು. ತಿನ್ನದವರಿಗೆ ಬಾಳೆಹಣ್ಣು. ಒಳ್ಳೆಯದೇ. ಬಡಿಸಲು ಸುಲಭ ಆಗಲಿ ಅಂತ ನಮ್ಮ ಸಹಶಿಕ್ಷಕರು ಎರಡು ಸಾಲು ಮಾಡಿದರು, ಮೊಟ್ಟೆ ಸಾಲು, ಬಾಳೆಹಣ್ಣಿನ ಸಾಲು. ಅನುಕೂಲಕ್ಕೆ ಮಾಡಿದ್ದು, ಕೆಟ್ಟ ಉದ್ದೇಶ ಏನಿಲ್ಲ. ಮೂರನೇ ದಿನಕ್ಕೆ ಮಕ್ಕಳು ಒಬ್ಬರನ್ನೊಬ್ಬರು 'ನೀ ಆ ಸಾಲಿನವ' ಅನ್ನಲು ಶುರು ಮಾಡಿದರು. ಊರಿನ ಓಣಿಗಳು ಶಾಲೆಯ ಜಗಲಿಯ ಮೇಲೆ ಬಂದು ಕೂತಂತೆ ಆಯಿತು. ಮರುದಿನವೇ ಒಂದೇ ಸಾಲು ಮಾಡಿ, ಕೂತಲ್ಲಿಗೇ ಎರಡು ಬುಟ್ಟಿ ಒಯ್ದು ಬೇಕಾದ್ದು ತೆಗೆದುಕೊಳ್ಳಿ ಅಂದೆವು. ಹತ್ತು ನಿಮಿಷ ಜಾಸ್ತಿ ಹಿಡಿಯಿತು. ಬಾಳೆಹಣ್ಣಿನ ಸಾಲಿನಲ್ಲಿ ನಿಲ್ಲುತ್ತಿದ್ದ ಒಬ್ಬ ಹುಡುಗ ಎರಡು ವಾರದ ಮೇಲೆ ಮೆಲ್ಲಗೆ ಮೊಟ್ಟೆ ತೆಗೆದುಕೊಂಡ. ಅವರ ಮನೆಯವರಿಗೆ ನಾನು ಹೇಳಲಿಲ್ಲ, ನೀವೂ ಹೇಳಬೇಡಿ!

ಈಗ ನನಗೆ ಬಹಳ ಮುಖ್ಯ ಅನ್ನಿಸುವ ವಿಷಯ. ಮುಖ್ಯ ಶಿಕ್ಷಕರ ಕೈಯಲ್ಲಿ ಏನು ಅಧಿಕಾರ ಇದೆ ಅಂತ ಎಲ್ಲರೂ ಗೊಣಗುತ್ತೇವೆ. ವರ್ಗಾವಣೆ ನಮ್ಮ ಕೈಯಲ್ಲಿಲ್ಲ, ಸಂಬಳ ನಮ್ಮ ಕೈಯಲ್ಲಿಲ್ಲ, ಸಾಂದರ್ಭಿಕ ರಜೆ, ಸಿ.ಎಲ್., ಒಂದು ಮಂಜೂರು ಮಾಡಬಹುದು. ನಿಜ. ಆದರೆ ಜೂನ್ ಮೊದಲ ವಾರದಲ್ಲಿ ತರಗತಿ ಹಂಚಿಕೆ ಮಾಡುವವರು ಯಾರು? ನೀವೇ. ಯಾವ ಮೇಷ್ಟ್ರು ಯಾವ ಮಕ್ಕಳ ಎದುರು ನಿಲ್ಲಬೇಕು ಅಂತ ಬರೆಯುವ ಆ ಒಂದು ಹಾಳೆ ಇದೆಯಲ್ಲ, ಅದಕ್ಕಿಂತ ದೊಡ್ಡ ಅಧಿಕಾರ ನಿಮಗೆ ಬೇರೆ ಇಲ್ಲ. ಅದನ್ನು ನಾವು ಹೇಗೆ ಬಳಸುತ್ತೇವೆ? ಒಳ್ಳೆಯ ಟೀಚರಿಗೆ 7ನೇ ತರಗತಿ, ಹೊಸಬರಿಗೆ, ಅತಿಥಿ ಶಿಕ್ಷಕರಿಗೆ 1ನೇ ತರಗತಿ. ಯಾಕೆ? 7ನೇ ತರಗತಿಯ ಮಕ್ಕಳು ಪ್ರತಿಭಾ ಕಾರಂಜಿ ಸ್ಪರ್ಧೆಯಲ್ಲಿ ಹಾಡುತ್ತಾರೆ, ಶಿಕ್ಷಣಾಧಿಕಾರಿ ಬಿ.ಇ.ಓ. ಬಂದರೆ ಪಟಪಟ ಉತ್ತರ ಹೇಳುತ್ತಾರೆ. 1ನೇ ತರಗತಿಯ ಮಗು ಅಳುತ್ತದೆ, ಅಷ್ಟೇ.

ನಾನಿದ್ದ ಶಾಲೆಗೆ ಪಕ್ಕದ ತಾಂಡಾದಿಂದ ಲಂಬಾಣಿ ಮಕ್ಕಳು ಬರುತ್ತಿದ್ದರು. ಅದರಲ್ಲಿ ಒಂದು ಹುಡುಗಿ, 1ನೇ ತರಗತಿ, ಜೂನ್‌ನಿಂದ ಆಗಸ್ಟ್‌ವರೆಗೆ ಒಂದು ಮಾತೂ ಆಡಿರಲಿಲ್ಲ. ಅತಿಥಿ ಶಿಕ್ಷಕಿ, ಪಾಪ ಸಣ್ಣ ವಯಸ್ಸಿನವಳು, 'ಮೇಡಂ, ಕಿವಿ ಕೇಳಿಸೋದಿಲ್ಲ ಅನ್ಸುತ್ತೆ, ಡಾಕ್ಟರಿಗೆ ತೋರಿಸೋಣ' ಅಂದಳು. ನಾನು ಹೋಗಿ ಹಿಂದೆ ಕೂತೆ. ಗೋಡೆಯ ಮೇಲೆ ಚಿತ್ರದ ಚಾರ್ಟ್. ಟೀಚರ್ ರೊಟ್ಟಿಯ ಚಿತ್ರ ತೋರಿಸಿ 'ಇದೇನು?' ಅಂದಳು. ಎಲ್ಲರೂ 'ರೊಟ್ಟಿ' ಅಂತ ಕೂಗಿದರು. ಈ ಹುಡುಗಿಯ ತುಟಿ ಅಲುಗಿತು. ನಾನು ಬಗ್ಗಿ ಕೇಳಿಸಿಕೊಂಡೆ. 'ಬಾಟಿ' ಅಂತ ಇತ್ತು. ತಾಂಡಾದ ಮಾತಿನಲ್ಲಿ ರೊಟ್ಟಿಗೆ ಬಾಟಿ ಅನ್ನುತ್ತಾರೆ. ನೀರಿಗೆ ಪಾಣಿ, ಅಮ್ಮನಿಗೆ ಯಾಡಿ. ಮೂರು ತಿಂಗಳಿಂದ ಅವಳು ಉತ್ತರ ಹೇಳುತ್ತಲೇ ಇದ್ದಳು. ಎಲ್ಲ ಉತ್ತರವೂ ಸರಿ. ಜೋರಾಗಿ ಹೇಳಿದ್ದರೆ ತಪ್ಪು ಅಂತ ಆಗುತ್ತಿತ್ತು, ಅದು ಅವಳಿಗೆ ಜೂನ್‌ನಲ್ಲೇ ಗೊತ್ತಾಗಿತ್ತು.

ಮರುದಿನ ಆ ಚಾರ್ಟಿನ ಕೆಳಗೆ ತಾಂಡಾದ ದೊಡ್ಡ ಹುಡುಗಿಯೊಬ್ಬಳಿಂದ ಕನ್ನಡ ಲಿಪಿಯಲ್ಲೇ ಅವರ ಪದಗಳನ್ನು ಬರೆಸಿದೆವು. ರೊಟ್ಟಿ, ಬಾಟಿ. ನೀರು, ಪಾಣಿ. ಊರಿನ ಮಕ್ಕಳು 'ಬಾಟಿ ಬಾಟಿ' ಅಂತ ಕುಣಿದಾಡಿದರು. ಆ ಮಗು ನಕ್ಕಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಕಾರ್ಡುಗಳಿಂದ ಕಲಿಸುವ ನಲಿ-ಕಲಿ ಪದ್ಧತಿ ನಮ್ಮದೇ ರಾಜ್ಯದ್ದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು. ಪ್ರತಿ ಮಗು ತನ್ನ ವೇಗದಲ್ಲಿ ಕಲಿಯಲಿ ಅಂತಲೇ ಮಾಡಿದ್ದು. ಆದರೆ ಮಗುವಿನ ಮಾತು ಕಾರ್ಡಿನ ಮೇಲೆ ಇಲ್ಲದಿದ್ದರೆ ಆ ಮಗು ಮೊದಲ ಮೆಟ್ಟಿಲಿನಲ್ಲೇ ನಿಂತಿರುತ್ತದೆ. ಮುಂದಿನ ವರ್ಷ 7ನೇ ತರಗತಿಯ ಟೀಚರನ್ನು 1ನೇ ತರಗತಿಗೆ ಹಾಕಿದೆ. ಇಡೀ ಶಾಲೆಯಲ್ಲಿ ಒಳ್ಳೆಯ ಟೀಚರ್ ಆಕೆ. 'ನನ್ನ ಮೇಲೆ ಏನು ಸಿಟ್ಟು ಮೇಡಂ?' ಅಂತ ಕಣ್ಣಲ್ಲಿ ನೀರು ತಂದುಕೊಂಡಳು. ಶಿಕ್ಷೆ ಅಂತ ತಿಳಿದಿದ್ದಳು. ನಾವು 1ನೇ ತರಗತಿಯನ್ನು ಎಲ್ಲಿ ಇಟ್ಟಿದ್ದೇವೆ ಅಂತ ನನಗೆ ಆ ಕಣ್ಣೀರಿನಲ್ಲೇ ಗೊತ್ತಾಯಿತು. ಎರಡು ತಿಂಗಳು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ನಿವೃತ್ತಿಯವರೆಗೂ 1ನೇ ತರಗತಿ ಬಿಡಲಿಲ್ಲ, ಅದು ಬೇರೆ ಕಥೆ.

ಗುಳೆ ಹೋಗುವ ಮಕ್ಕಳ ಬಗ್ಗೆ ಬೇಗ ಹೇಳಿ ಮುಂದೆ ಹೋಗುತ್ತೇನೆ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ದೀಪಾವಳಿ ಮುಗಿದರೆ ಕಬ್ಬು ಕಡಿಯಲು, ಇಟ್ಟಿಗೆ ಭಟ್ಟಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ನಾನು ಮೊದಲು ಹೇಳಿದ ಆ ಇಬ್ಬರು ಹುಡುಗಿಯರೂ ಹಾಗೇ ಹೋದವರು. ಅಂಥ ಮಗು ಹೋಗುವ ಮುಂಚೆ ಇಲಾಖೆಯ ದಾಖಲೆಯಲ್ಲಿ ಅದರ ಗುರುತಿನ ಸಂಖ್ಯೆ, ಅಂದರೆ ಸ್ಯಾಟ್ಸ್ ನಂಬರ್, ತರಗತಿ, ನಿಮ್ಮ ಫೋನ್ ನಂಬರ್ ಒಂದು ಚೀಟಿಯಲ್ಲಿ ಬರೆದು ತಾಯಿಯ ಕೈಗೆ ಕೊಡಿ. ಟಿ.ಸಿ. ಇಲ್ಲ ಅಂತ, ಅದನ್ನು ತರಲು ತಡವಾಯಿತು ಅಂತ ಯಾವ ಸರ್ಕಾರಿ ಶಾಲೆಯೂ ಮಗುವನ್ನು ವಾಪಸ್ ಕಳಿಸುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್. ವಯಸ್ಸಿನ ದಾಖಲೆ ಇಲ್ಲ ಅಂತಲೂ ಕಳಿಸುವಂತಿಲ್ಲ, 14ನೇ ಸೆಕ್ಷನ್. ಇದು ನಿಮ್ಮ ಊರಿನಿಂದ ಹೋಗುವ ಮಗುವಿಗೂ ಅನ್ವಯ, ನಿಮ್ಮ ಊರಿಗೆ ಬರುವ ಮಗುವಿಗೂ ಅನ್ವಯ. ಎರಡನೆಯದನ್ನು ಮರೆಯಬೇಡಿ.

ರ‍್ಯಾಂಪಿನ ವಿಷಯ ಒಂದು ನಿಮಿಷ. ನಮ್ಮ ಶಾಲೆಗೆ ಚೆಂದದ ರ‍್ಯಾಂಪ್ ಇತ್ತು, ಹಿಡಿಕೆ ಸಮೇತ. ಫೋಟೋ ತೆಗೆದು ಶಾಲೆಗಳ ಸರ್ಕಾರಿ ಅಂಕಿಅಂಶದಲ್ಲಿ, ಯು-ಡೈಸ್‌ನಲ್ಲಿ 'ಇದೆ' ಅಂತ ತುಂಬಿಯೂ ಆಗಿತ್ತು. ಅದು ಹತ್ತಿ ಹೋಗುತ್ತಿದ್ದದ್ದು ಕಂಪ್ಯೂಟರ್ ರೂಮಿನ ಬೀಗ ಹಾಕಿದ ಬಾಗಿಲಿಗೆ. ಕಾಲಿನ ತೊಂದರೆ ಇದ್ದ ಹುಡುಗ 6ನೇ ತರಗತಿ, ಆ ತರಗತಿ ಮಹಡಿಯ ಮೇಲೆ. ಅವನ ಅಣ್ಣ ದಿನಾ ಹೊತ್ತುಕೊಂಡು ಹತ್ತಿಸುತ್ತಿದ್ದ. ಅಣ್ಣ ಬಾರದ ದಿನ ಇವನೂ ಇಲ್ಲ. ನಾವು 6ನೇ ತರಗತಿಯನ್ನು ಕೆಳಗೆ ತಂದೆವು, ಮುಗಿಯಿತು. ಅಷ್ಟಕ್ಕೆ ಯಾವ ಅನುದಾನವೂ ಬೇಕಾಗಲಿಲ್ಲ.

ಎಸ್‌ಡಿಎಂಸಿ. ಅಂದರೆ ಶಾಲೆಯ ಅಭಿವೃದ್ಧಿ, ಮೇಲುಸ್ತುವಾರಿ ಸಮಿತಿ. ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರು, ಅರ್ಧ ಮಹಿಳೆಯರು ಇರಬೇಕು ಅನ್ನುತ್ತದೆ ಕಾಯ್ದೆ. ಕಾಗದದ ಮೇಲೆ ಇದ್ದರು. ಸಭೆಗೆ ಗಂಡಂದಿರು ಬರುತ್ತಿದ್ದರು, ರಿಜಿಸ್ಟರ್ ಮನೆಗೆ ಹೋಗಿ ಹೆಬ್ಬೆಟ್ಟು ಹಾಕಿಸಿಕೊಂಡು ಬರುತ್ತಿತ್ತು. ಬೆಳಿಗ್ಗೆ 11 ಗಂಟೆಗೆ ಸಭೆ ಕರೆದರೆ ಕೂಲಿಗೆ ಹೋಗುವ ಹೆಂಗಸು ಹೇಗೆ ಬಂದಾಳು? ಒಂದು ದಿನದ ಪಗಾರ ಬಿಡಬೇಕು. ಅದಕ್ಕೆ ನಾನು ಬುದ್ಧಿವಂತಿಕೆ ಮಾಡಿ ಸಭೆಯನ್ನು ಸಂಜೆ ಏಳಕ್ಕೆ ಇಟ್ಟೆ, ಊರ ನಡುವೆ, ಗುಡಿಯ ಕಟ್ಟೆಯ ಮೇಲೆ. ಲೈಟ್ ಇದೆ, ಜಾಗ ಇದೆ, ಎಲ್ಲರಿಗೂ ಹತ್ತಿರ.

ಹೆಂಗಸರು ಬಂದರು. ಖುಷಿಯಾಯಿತು. ಸಭೆ ಅರ್ಧ ಆದ ಮೇಲೆ ನೋಡುತ್ತೇನೆ, ಮೂವರು ತಾಯಂದಿರು ಕಟ್ಟೆಯಿಂದ ಆಚೆ, ರಸ್ತೆಯ ಮೇಲೆ, ಟ್ರ್ಯಾಕ್ಟರಿನ ಮರೆಯಲ್ಲಿ ನಿಂತಿದ್ದಾರೆ. ಅದರಲ್ಲಿ ಒಬ್ಬಾಕೆ ಆ ನೀರು ತುಂಬುವ ಹುಡುಗಿಯ ತಾಯಿ. 'ಬರ್ರಿ, ಮ್ಯಾಲೆ ಬರ್ರಿ' ಅಂತ ನಾನು ಕೈ ಮಾಡಿ ಕರೆದೆ. ಸುತ್ತ ಒಂದು ಮೌನ ಬಂತು ನೋಡಿ, ಈಗಲೂ ನೆನಪಿದೆ. ಆಕೆ ತಲೆ ಬಗ್ಗಿಸಿ 'ಇಲ್ಲೇ ಕೇಳಸ್ತೈತಿ ರೀ ಅಕ್ಕೋರೇ' ಅಂದಳು. ಆ ಕಟ್ಟೆ ಯಾರಿಗೆ ಹತ್ತಲು ಬರುವುದಿಲ್ಲ ಅಂತ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು. ನಾನು ಸಲೀಸಾಗಿ ಹತ್ತಿ ಕೂತಿದ್ದೆ. ಎಲ್ಲರ ಎದುರು ಕರೆದು ಆಕೆಯನ್ನು ಇನ್ನಷ್ಟು ಕುಗ್ಗಿಸಿದೆ. ಮುಂದಿನ ಸಭೆಯಿಂದ ಶಾಲೆಯ ಜಗಲಿಯಲ್ಲೇ, ಸಂಜೆ ಏಳಕ್ಕೆ, ಎಲ್ಲರಿಗೂ ಒಂದೇ ಚಾಪೆ. ಆಕೆ ಬರಲು ಆಮೇಲೂ ಮೂರು ಸಭೆ ಬೇಕಾಯಿತು.

(ಇಲ್ಲಿ ಸಭೆಯಿಂದ ಒಬ್ಬರು ಎದ್ದು ನಿಂತು ಕೇಳಿದರು: 'ಮೇಡಂ, ನಾನೇ ಅಂಥ ಕೇರಿಯಿಂದ ಬಂದವನು. ನಾನು ಇದನ್ನೆಲ್ಲ ಮಾಡಿದರೆ ತನ್ನವರಿಗೆ ಮಾಡ್ತಾನೆ ಅಂತಾರೆ. ನನ್ನ ಕೆಳಗಿನ ಮೇಷ್ಟ್ರು ನನ್ನ ಮಾತು ಕೇಳ್ತಾರಾ?')

ಸರ್, ನೀವು ಕೇಳಿದ್ದು ಒಳ್ಳೆಯದಾಯಿತು. ನಾನು ಸಾಲಿನಲ್ಲಿ ಕೂತು ಉಂಡರೆ 'ಮೇಡಂ ದೊಡ್ಡ ಮನಸ್ಸಿನವರು' ಅಂದರು. ನೀವು ಕೂತರೆ ಆ ಮಾತು ಬರುವುದಿಲ್ಲ. ಅದೇ ಕೆಲಸ, ಬೆಲೆ ಬೇರೆ. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ನನಗೆ ತೋಚುವುದು ಇಷ್ಟು. ಆ ಗೆರೆ ಎಳೆದ ನೋಟ್‌ಬುಕ್ ಇದೆಯಲ್ಲ, ಅದು ನನಗಿಂತ ನಿಮಗೆ ಜಾಸ್ತಿ ಬೇಕು. ಸ್ಟಾಫ್ ಮೀಟಿಂಗಿನಲ್ಲಿ ನೀವು ಮಾತಾಡುವ ಬದಲು ಆ ಪುಸ್ತಕವನ್ನು ಮೇಜಿನ ಮೇಲೆ ಇಡಿ, ಅವರೇ ಎಣಿಸಲಿ. ಎರಡನೆಯದು, ಒಬ್ಬರೇ ಇರಬೇಡಿ. ಈ ಬ್ಯಾಚಿನಲ್ಲೇ ನಿಮ್ಮಂಥವರು ಐದಾರು ಜನ ಇರುತ್ತೀರಿ, ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ ಬೈದುಕೊಳ್ಳಲು ಒಬ್ಬರಾದರೂ ಬೇಕು. ಅನುಭವ ಇರುವ ಒಬ್ಬ ಮುಖ್ಯ ಶಿಕ್ಷಕರನ್ನು ಒಂದು ವರ್ಷ ನಿಮ್ಮ ಜೊತೆ ಹಾಕುವುದು ಇಲಾಖೆಯ ಕೆಲಸ, ಅದನ್ನು ನಾನು ಇವತ್ತೂ ಹೇಳುತ್ತೇನೆ, ಹಿಂದೆಯೂ ಹೇಳಿದ್ದೆ. ಹೆಣ್ಣುಮಕ್ಕಳು ಇಲ್ಲಿ ಕೂತಿದ್ದೀರಿ, ನಿಮಗೂ ಇದು ಗೊತ್ತು. 'ಸರ್ ಎಲ್ಲಿದ್ದಾರೆ?' ಅಂತ ಕೇಳಿಕೊಂಡು ಬಂದವರಿಗೆ 'ನಾನೇ ಹೆಡ್‌ಮೇಡಂ' ಅಂತ ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಚಹಾ ಬಂದಿದೆ. ಕುಡಿದು ಬನ್ನಿ. ಆಮೇಲೆ ಭಾಷಣ ಇಲ್ಲ. ಒಂದೊಂದು ದೊಡ್ಡ ಹಾಳೆ ಕೊಡುತ್ತೇನೆ. ನಡುವೆ ನಿಮ್ಮ ಶಾಲೆ ಬರೆಯಿರಿ, ಸುತ್ತ ಊರು ಬರೆಯಿರಿ, ಪ್ರತಿ ಓಣಿ, ಕೇರಿ, ತಾಂಡಾ, ತೋಟದ ಮನೆ. ನಲ್ಲಿ ಎಲ್ಲಿದೆ, ನೀರು ಎಷ್ಟು ಹೊತ್ತಿಗೆ ಬರುತ್ತದೆ, ಗುಡಿ ಎಲ್ಲಿದೆ, ಸಂತೆ ಯಾವ ದಿನ. ನೀವು ಒಮ್ಮೆಯೂ ಕಾಲಿಡದ ಓಣಿಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ಈಗ ಕೆಲಸ ಮಾಡುತ್ತಿರುವ ಶಾಲೆಯದ್ದೇ ಆಗಲಿ, ಎಂಟು ಹತ್ತು ವರ್ಷದಿಂದ ಇರುವವರೂ ಬರೆಯಿರಿ. ಕೆಂಪು ಪೆನ್ನು ಎಲ್ಲರಿಗೂ ಸಾಕಾಗುವಷ್ಟು ತಂದಿದ್ದೇನೆ.